ಒಂದೆಳೆ ಬಾಕಿ

ರೇವಕ್ಕನ ನಾಲಿಗೆಗೆ ತಾಮ್ರದ ರುಚಿ ಬಂದದ್ದು ಒಂದು ಬುಧವಾರ ಬೆಳಗ್ಗೆ, ಹಾಲಿನವನು ಬಂದು ಹೋದ ಮೇಲೆ. ಅವಳ ಗಂಡ ಮೌನೇಶ ಬರಿಗಾಲಲ್ಲಿ ನನ್ನ ಮನೆಗೆ ಬಂದು, ಬಾಗಿಲು ತಟ್ಟದೆ, ಕಿಟಕಿಯ ಸರಳು ಹಿಡಿದು ನಿಂತ. ನಮ್ಮೂರಲ್ಲಿ ಗಂಡಸು ಹಾಗೆ ಬಂದು ನಿಂತರೆ ಮಾತು ಬೇಕಿಲ್ಲ. ಒಲೆ ಮೇಲಿದ್ದ ಚಹಾ ಇಳಿಸಿದೆ. ಗೋಡೆಗೆ ತೂಗಿದ್ದ ಹೊನ್ನೆ ಮರದ ಕೊಳವೆ ತೆಗೆದುಕೊಂಡೆ. ಹುಣಸೆ ಬೀಜದ ಗಂಟನ್ನು ಸೊಂಟಕ್ಕೆ ಸಿಕ್ಕಿಸಿಕೊಂಡೆ. ಸಿಕ್ಕಿಸುವಾಗ ಅದು ಎರಡು ಸಲ ಕೈಜಾರಿತು. ಮೌನೇಶ ಅದನ್ನು ನೋಡಿದ. ವಯಸ್ಸಿನ ನಡುಕ ಅಂದುಕೊಂಡನೋ ಏನೋ, ಕೊಳವೆಯನ್ನು ಇಸಿದುಕೊಂಡು ತಾನೇ ಹಿಡಿದು ಮುಂದೆ ನಡೆದ.

ನನ್ನ ಹೆಸರು ಚೆನ್ನಾಜಮ್ಮ. ಹಾಗೆ ಕರೆಯುತ್ತಿದ್ದವರೆಲ್ಲ ಹೋಗಿಯಾಯಿತು; ಊರಿಗೆ ನಾನು ಕಿವಿಯಮ್ಮ. ನನಗಿಂತ ಮೊದಲು ನನ್ನ ಅತ್ತೆ ಕಿವಿಯಮ್ಮ ಆಗಿದ್ದರು. ನಾಲಿಗೆಗೆ ತಾಮ್ರದ ರುಚಿ ಬಂದರೆ ಬಸಿರು ಕಟ್ಟಿತೆಂದೇ ಲೆಕ್ಕ; ಆ ಮೊದಲ ದಿನ ಹೆಂಗಸಿನ ಹೊಟ್ಟೆಗೆ ಕೊಳವೆಯಿಟ್ಟು, ಒಳಗಿನ ಆ ಒಂದು ಕಣ ಎರಡಾಗುವ ಮೊದಲು ಅದರ ಎಳೆಗಳೆಲ್ಲ ನಡುಸಾಲಿಗೆ ಬಂದು ನಿಂತವೇ ಎಂದು ಕೇಳಿ ಹೇಳುವುದು ನಮ್ಮ ಮನೆತನದ ಕೆಲಸ. ನಾನು ಹೊಸ್ತಿಲಲ್ಲಿ ನಿಂತು 'ಸಾಲು ಬಂತು' ಎಂದು ಕೂಗುವವರೆಗೆ ಊರು ಸದ್ದು ಮಾಡುವುದಿಲ್ಲ. ಸದ್ದಾದರೆ ಒಳಗೆ ಆ ಎಳೆಗಳನ್ನು ಹೊತ್ತು ತರುವ ಹೊರೆಯಾಳುಗಳು ಹೆಜ್ಜೆ ತಪ್ಪುತ್ತಾರೆ. ಬೇರೆ ಊರಿನವರಿಗೆ ಇದನ್ನು ಹೇಳಿದರೆ ನಗುತ್ತಾರೆ. ಹೇಳುವುದನ್ನೇ ಬಿಟ್ಟಿದ್ದೇವೆ.

ಹಾಗೆ ನೋಡಿದರೆ ನಮ್ಮದು ಸದ್ದಿನ ಊರು. ಕಂಚುಗಾರ ಬೀದಿಯೊಂದರಲ್ಲೇ ಎಪ್ಪತ್ತು ಸುತ್ತಿಗೆ. ಅದರಾಚೆ ಅಕ್ಕಿ ಗಿರಣಿ, ಮಂಡಕ್ಕಿ ಭಟ್ಟಿ, ಬಸ್ಸು ನಿಲ್ಲುವ ಬಯಲು. ಆದರೆ ಯಾವ ಮನೆಯವನಾದರೂ ಬೀದಿಗಡ್ಡ ಒದ್ದೆ ಬಿಳಿ ಪಂಚೆ ಕಟ್ಟಿದನೆಂದರೆ ಕಾಲು ಗಂಟೆಯೊಳಗೆ ಎಲ್ಲ ನಿಂತುಹೋಗುತ್ತದೆ. ಪೂಜಾರಿ ಗಂಟೆಯ ನಾಲಿಗೆಗೆ ಬಟ್ಟೆ ಸುತ್ತುತ್ತಾನೆ. ಮಸೀದಿಯ ಮುಲ್ಲಾ ಮನೆಮನೆಗೆ ಹೋಗಿ ಭುಜ ಮುಟ್ಟಿ ನಮಾಜಿಗೆ ಕರೆಯುತ್ತಾರೆ. ತರಕಾರಿಯವಳು ತಕ್ಕಡಿಯ ತಟ್ಟೆಗೆ ಗೋಣಿಚೀಲ ಹಾಸುತ್ತಾಳೆ. ಹುಂಜಗಳನ್ನು ಬುಟ್ಟಿಯಡಿ ಮುಚ್ಚಿ ಮೇಲೆ ಕಂಬಳಿ ಹೊದಿಸುತ್ತಾರೆ. ಅಳುವ ಕೂಸುಗಳನ್ನು ಎತ್ತಿಕೊಂಡು ಹೆಂಗಸರು ಸೇತುವೆ ದಾಟಿ ಆಚೆ ದಂಡೆಯ ಹುಣಸೆ ತೋಪಿನಲ್ಲಿ ಕೂರುತ್ತಾರೆ. ಸೇತುವೆಯಾಚೆ ಏನು ಸದ್ದಾದರೂ ತೊಂದರೆಯಿಲ್ಲ. ಊರೊಳಗೆ ಪಿಸುಮಾತಿಗೆ ಮಾತ್ರ ಅಡ್ಡಿಯಿಲ್ಲ. ಸಾಮಾನ್ಯವಾಗಿ ಎರಡು ಗಂಟೆ, ಹೆಚ್ಚೆಂದರೆ ಮೂರು. ಅಷ್ಟರಲ್ಲಿ ನಾನು ಕೂಗುತ್ತೇನೆ, ಊರು ಮತ್ತೆ ಶುರುವಾಗುತ್ತದೆ.

ರೇವಕ್ಕ ಒಳಕೋಣೆಯ ಚಾಪೆಯ ಮೇಲೆ ಅಂಗಾತ ಮಲಗಿದ್ದಳು. ಇಪ್ಪತ್ತೆಂಟರ ಹೆಣ್ಣು. ಪಾತ್ರೆಗಳನ್ನು ಹುಣಸೆಹಣ್ಣಿನಲ್ಲಿ ತಿಕ್ಕಿ ತಿಕ್ಕಿ ಬೆರಳ ತುದಿಯೆಲ್ಲ ಸಿಪ್ಪೆ ಸುಲಿದು ಕೆಂಪಾಗಿತ್ತು. ನನ್ನನ್ನು ನೋಡಿ ನಕ್ಕಳು.

"ಅಮ್ಮಾ, ಈ ಸಲ ನಿಲ್ಲುತ್ತೆ ಅಲ್ವಾ? ನೀವು ಬಂದಿದ್ದೀರಲ್ಲ, ನಂಗೆ ಧೈರ್ಯ," ಅಂದಳು.

"ಮಾತಾಡಬೇಡ ತಾಯಿ, ಹೊಟ್ಟೆ ಅಲುಗುತ್ತೆ," ಅಂದೆ. ಅವಳ ಮುಖ ನೋಡಲಾಗದೆ ಹೊಕ್ಕುಳ ಕೆಳಗೆ ಕೊಳವೆಯಿಟ್ಟು ಕಿವಿ ಹಚ್ಚಿದೆ.

ಮೊದಲು ಏನೂ ಕೇಳಿಸುವುದಿಲ್ಲ. ಆಮೇಲೆ ಒಣಗಿದ ಎಲೆಯ ಮೇಲೆ ಇರುವೆ ನಡೆದ ಹಾಗೆ ಒಂದು ಸದ್ದು. ಅದು ಹೊರೆಯಾಳುಗಳ ಹೆಜ್ಜೆ. ಕಣದ ಎರಡು ಮೂಲೆಗಳಿಂದ ಹಗ್ಗಗಳು ಚಾಚಿಕೊಂಡಿರುತ್ತವೆ. ತಾಯಿಯ ಕಡೆಯಿಂದ ಇಪ್ಪತ್ಮೂರು ಎಳೆ, ತಂದೆಯ ಕಡೆಯಿಂದ ಇಪ್ಪತ್ಮೂರು. ಪ್ರತಿ ಎಳೆಯೂ ಸೊಂಟದಲ್ಲಿ ಅಂಟಿಕೊಂಡ ಅಕ್ಕತಂಗಿಯರ ಜೋಡಿ. ಅಕ್ಕನನ್ನು ಒಂದು ಮೂಲೆಯ ಹಗ್ಗ ಹಿಡಿಯಬೇಕು, ತಂಗಿಯನ್ನು ಇನ್ನೊಂದು ಮೂಲೆಯ ಹಗ್ಗ. ಹಿಡಿದು ಎರಡೂ ಕಡೆ ಸಮನಾಗಿ ಬಿಗಿದರೆ ಜೋಡಿ ನಡುಮಧ್ಯ ನಿಲ್ಲುತ್ತದೆ. ನಲವತ್ತಾರೂ ಹಾಗೆ ಸಾಲಾಗಿ ನಿಂತ ಮೇಲೆಯೇ ಕಣ ಅವನ್ನು ಬಿಡಿಸಿ ಎರಡಾಗಬೇಕು. ಎಳೆಗಳಿಗೆ ತಾವಾಗಿ ನಡೆಯಲು ಬಾರದು. ಹಗ್ಗದ ಮೇಲೆ ಎರಡೇ ಕಾಲಲ್ಲಿ ಒಂದೊಂದೇ ಹೆಜ್ಜೆಯಿಡುತ್ತ ಹೊತ್ತು ತರುವವರು ಹೊರೆಯಾಳುಗಳು. ಶಾಲೆಯ ವಿಜ್ಞಾನದ ಮೇಷ್ಟ್ರು ಎಳೆಗೆ ವರ್ಣತಂತು ಅನ್ನುತ್ತಾರೆ, ಹೊರೆಯಾಳಿಗೆ ಇನ್ನೇನೋ ಪ್ರೋಟೀನಿನ ಹೆಸರು ಹೇಳುತ್ತಾರೆ. ಹೆಸರು ಏನಾದರೂ ಇರಲಿ. "ಅವರಿಗೆ ಕಣ್ಣಿಲ್ಲ ಕಣೇ, ಬರೀ ಕಾಲು," ಎನ್ನುತ್ತಿದ್ದರು ನನ್ನ ಅತ್ತೆ.

ಜೋಡಿಯೊಂದು ಸಾಲಿಗೆ ಬಂದು ನಿಂತಾಗ ಅಗುಳಿ ಬಿದ್ದ ಹಾಗೆ ಸಣ್ಣಗೆ ಟಕ್ಕೆನ್ನುತ್ತದೆ. ಒಂದು ಟಕ್ಕಿಗೆ ಒಂದು ಹುಣಸೆ ಬೀಜವನ್ನು ಬಟ್ಟೆಯ ಮೇಲೆ ಎಡದಿಂದ ಬಲಕ್ಕೆ ಸರಿಸುತ್ತೇನೆ. ಅವತ್ತು ಬೆಳಗಿನ ಬಿಸಿಲು ಹೊಸ್ತಿಲು ದಾಟುವ ಹೊತ್ತಿಗೆ ಮೂವತ್ತು ಬಂದಿದ್ದವು. ಹತ್ತು ಗಂಟೆಗೆ ನಲವತ್ತೈದು. ಮೌನೇಶ ಗೋಡೆಗೊರಗಿ ಕೂತು ಬೀಜಗಳನ್ನೇ ನೋಡುತ್ತಿದ್ದ. ಎಡಗಡೆ ಒಂದೇ ಉಳಿದದ್ದು ಕಂಡು ಅವನ ತುಟಿಯಂಚಿಗೆ ನಗು ಬಂತು. ನಾನು ಮುಖ ತಿರುಗಿಸಿಕೊಂಡೆ.

ಯಾಕೆಂದರೆ ಆ ಒಂದು ಎಲ್ಲಿದೆ ಎಂದು ನನಗೆ ಕೇಳಿಸುತ್ತಿತ್ತು. ಅದಕ್ಕೆ ಒಂದೇ ಕಡೆಯ ಹಗ್ಗ ಸಿಕ್ಕಿತ್ತು. ತಂಗಿಯ ಮಗ್ಗುಲು ಖಾಲಿ. ಮೂಲೆಯ ಕಡೆಗೆ ನಡೆಯುವ ಆಳುಗಳು ಅದನ್ನು ದರದರ ಎಳೆದುಕೊಂಡು ಹೋಗುತ್ತಿದ್ದರು, ನಡುವಿನಿಂದ ದೂರ, ಇನ್ನೂ ದೂರ. ಹೋದ ಸಲವೂ ಹೀಗೇ ಒಂದು ಬಾಕಿ ಉಳಿದಿತ್ತು.

ಹೋದ ಸಲ ಎಂದರೆ ಮೂರು ವರ್ಷದ ಹಿಂದೆ. ಇದೇ ಕೋಣೆ, ಇದೇ ರೇವಕ್ಕ. ಅವತ್ತು ಅಕ್ಕಿ ಗಿರಣಿಯ ತೋಂಟಪ್ಪನವರ ಮಗಳ ಮದುವೆ. ತೋಂಟಪ್ಪನವರು ನಮ್ಮ ಬೀದಿಯ ಯಜಮಾನರು, ಕೆಟ್ಟವರೇನಲ್ಲ. ಗಂಡಿನ ಕಡೆಯವರು ಹೊರಗಿನ ಊರಿನವರು. ಮುಹೂರ್ತಕ್ಕೆ ವಾಲಗ ಊದಬಾರದು ಎಂದರೆ ಅವರಿಗೆ ಅದು ಅವಮಾನ. ಇನ್ನು ಕಾಲು ಗಂಟೆ ನೋಡುತ್ತೇವೆ, ಆಮೇಲೆ ಹೊರಡುತ್ತೇವೆ ಎಂದು ಕೂತಿದ್ದರು. ತೋಂಟಪ್ಪನವರು ಇದೇ ಬಾಗಿಲಲ್ಲಿ ಕೈಮುಗಿದು ನಿಂತು, "ಅಮ್ಮಾ, ನನ್ನ ಮಗಳ ಬಾಳು," ಎಂದು ತುಟಿಯಲ್ಲೇ ಅಂದರು. ಕಣ್ಣಲ್ಲಿ ನೀರಿತ್ತು. ನನ್ನ ಬಟ್ಟೆಯ ಮೇಲೆ ಒಂದು ಬೀಜ ಬಾಕಿಯಿತ್ತು. ಒಂದೇ ತಾನೇ, ದಾರಿಯಲ್ಲಿದೆ, ಬಂದೇ ಬಿಡುತ್ತೆ ಎಂದು ನನಗೆ ನಾನೇ ಹೇಳಿಕೊಂಡೆ. ಎದ್ದು ಹೋಗಿ ಕೂಗಿಬಿಟ್ಟೆ.

ತಿರುಗಿ ಬಂದು ಕೊಳವೆಗೆ ಕಿವಿ ಹಚ್ಚುವ ಹೊತ್ತಿಗೆ ಡೋಲಿನ ಮೊದಲ ಪೆಟ್ಟು ಬಿತ್ತು. ಒಳಗೆ ಹೊತ್ತು ತರುತ್ತಿದ್ದ ಆಳು ಹೆಜ್ಜೆ ತಪ್ಪಿದ್ದು ನಾನು ಕೇಳಿಸಿಕೊಂಡೆ. ಎಳೆ ಜಾರಿತು. ಅದರ ಬೆನ್ನಿಗೇ, ಸದ್ದಿಗೆ ಬೆದರಿ, ಕಣ ಸೀಳಿತು. ಆ ಜೋಡಿಯ ಅಕ್ಕ ತಂಗಿ ಇಬ್ಬರೂ ಒಂದೇ ಮಗ್ಗುಲಿಗೆ ಹೋದರು, ಇನ್ನೊಂದು ಮಗ್ಗುಲಿಗೆ ಯಾರೂ ಇಲ್ಲ. ಹೊರಗೆ ವಾಲಗ. ರೇವಕ್ಕ ನನ್ನ ಕೈ ಹಿಡಿದು ಸಂತೋಷಕ್ಕೆ ಅಳುತ್ತಿದ್ದಳು. ಆ ಬಸಿರು ಏಳನೇ ವಾರ ದಾಟಲಿಲ್ಲ. ಎಲ್ಲ ಹಣೆಬರಹ ಎಂದಿತು ಊರು. ಎದ್ದು ಓಡಾಡುವಂತಾದ ಮೇಲೆ ರೇವಕ್ಕ ನನ್ನ ಮನೆಗೆ ಎಲೆ ಅಡಿಕೆ, ರವಿಕೆ ಬಟ್ಟೆ ತಂದು, "ನಿಮ್ಮ ಕೈಲಾದದ್ದು ನೀವು ಮಾಡಿದ್ರಿ ಅಮ್ಮಾ," ಎಂದು ಕಾಲಿಗೆ ಬಿದ್ದಳು. ನಾನು ಅವಳ ತಲೆ ಮುಟ್ಟಿ ಹರಸಿದೆ. ಆ ರವಿಕೆ ಬಟ್ಟೆಯನ್ನು ಹೊಲಿಸಲಿಲ್ಲ, ಬೇರೆಯವರಿಗೆ ಕೊಡಲೂ ಇಲ್ಲ.

ಆ ದಿನದಿಂದ ನನಗೆ ಒಂದೇ ಹೆದರಿಕೆ, ರೇವಕ್ಕನ ನಾಲಿಗೆಗೆ ಮತ್ತೆ ತಾಮ್ರದ ರುಚಿ ಬರುತ್ತದಲ್ಲ ಎಂದು. ಬಂದಿತ್ತು.

ಮಧ್ಯಾಹ್ನವಾಯಿತು. ಎಳೆ ಮೂಲೆಗೆ ಹೋಗಿ ಬಿದ್ದಿತ್ತು. ನನ್ನ ಅತ್ತೆ ಒಂದು ಮಾತು ಹೇಳಿದ್ದರು. ದಾರಿ ತಪ್ಪಿದ್ದು ಮೊದಲು ಮೂಲೆಗೇ ಹೋಗಬೇಕು, ನಡುವಿನ ಕಡೆ ನಡೆಯುವ ಆಳು ಅಲ್ಲೇ ಕಾದಿರುತ್ತಾನೆ, ಅವನು ಅಲ್ಲಿಂದ ಎತ್ತಿಕೊಂಡು ಬರುತ್ತಾನೆ ಎಂದು. ನಾನು ಅದನ್ನೇ ನೆನೆಯುತ್ತ ಕೂತೆ. ಆದರೆ ಅವರು ಇನ್ನೊಂದನ್ನೂ ಹೇಳಿದ್ದರು. "ಕಣ ಕಾಯುತ್ತೆ ಕಣೇ ಚೆನ್ನಾಜಿ, ಒಂದು ಬಾರದಿದ್ದರೂ ಕಾಯುತ್ತೆ. ಆದರೆ ಹೊತ್ತು ಮುಳುಗೋವರೆಗೆ ಮಾತ್ರ. ಆಮೇಲೆ ಅದಕ್ಕೂ ಸಾಕಾಗಿ, ಬಂದಷ್ಟು ಬಂತು ಅಂತ ಸೀಳಿಬಿಡುತ್ತೆ." ಕಿಟಕಿಯಿಂದ ಹೊರಗೆ ನೋಡಿದೆ. ನೆರಳು ಆಗಲೇ ಪೂರ್ವಕ್ಕೆ ತಿರುಗಿತ್ತು.

ಎರಡು ಗಂಟೆಯ ಸುಮಾರಿಗೆ ಬೀದಿಯಲ್ಲಿ ಜನ ಸೇರುವುದು ಗೊತ್ತಾಯಿತು. ಸದ್ದಿನಿಂದಲ್ಲ. ಬಾಗಿಲ ಸಂದಿಯ ಬೆಳಕು ಕಡಿಮೆಯಾಯಿತು. ಬೆಳಗಿನಿಂದ ಕುಲುಮೆ ಹೊತ್ತಿಲ್ಲ, ಗಿರಣಿ ತಿರುಗಿಲ್ಲ, ಸೇತುವೆಯಾಚೆ ಕೂಸುಗಳಿಗೆ ಹಸಿವು. ಇಷ್ಟು ಹೊತ್ತು ಎಂದೂ ಆಗಿರಲಿಲ್ಲ. ಮೌನೇಶ ಎದ್ದು ನೋಡಿ ಬಂದ.

"ತೋಂಟಪ್ಪನೋರು ಕರೀತಿದ್ದಾರೆ," ಎಂದ. ಮುಖ ಬಿಳಿಚಿತ್ತು. "ಜೊತೆಗೆ ಮಂಡಕ್ಕಿ ಭಟ್ಟಿಯ ಖಾಸಿಂಬಿ. ಅವಳ ಗಂಡ ಇಮಾಮ್ ಸಾಬರು ಬಿದ್ದುಬಿಟ್ಟರಂತೆ. ಎದೆ ನೋವು."

ಹೊರಗೆ ಹೋದೆ. ಬೀದಿಯುದ್ದಕ್ಕೂ ಜನ, ಎಲ್ಲರೂ ಬರಿಗಾಲು, ಯಾರ ಬಾಯಲ್ಲೂ ಮಾತಿಲ್ಲ. ಅಷ್ಟು ಜನ ಒಟ್ಟಿಗೆ ಸುಮ್ಮನೆ ನಿಂತು ನನ್ನನ್ನು ನೋಡುವುದನ್ನು ಅದಕ್ಕೆ ಮೊದಲು ನಾನು ಕಂಡಿರಲಿಲ್ಲ. ಖಾಸಿಂಬಿ ಸೆರಗನ್ನು ಬಾಯಿಗೆ ತುರುಕಿಕೊಂಡಿದ್ದಳು, ಅಳು ಹೊರಬರಬಾರದೆಂದು.

"ಕಿವಿಯಮ್ಮ, ಆಸ್ಪತ್ರೆ ಹೊಳೆಯಾಚೆ ಎಂಟು ಮೈಲಿ," ತೋಂಟಪ್ಪನವರು ಪಿಸುಗುಟ್ಟಿದರು. "ಬಸ್ಸು ಹೊರಡಬೇಕು. ಆ ಡಬ್ಬಾ ಬಸ್ಸು ಶುರುವಾದರೆ ಊರೇ ಗುಡುಗುತ್ತೆ, ಗೊತ್ತಲ್ಲ. ಸಾಲು ಬಂತಾ, ಇಲ್ವಾ?"

"ಒಂದು ಬಾಕಿ ಇದೆ ಯಜಮಾನರೇ."

"ಬೆಳಗ್ಗೆ ಹತ್ತು ಗಂಟೆಗೂ ಒಂದೇ ಬಾಕಿ ಅಂತ ಹೇಳಿ ಕಳಿಸಿದ್ರಿ."

"ಅದೇ ಒಂದು."

"ಒಂದು ಕಡೆ ಕಣ್ಣಿಗೆ ಕಾಣದ ಎಳೆ. ಇನ್ನೊಂದು ಕಡೆ ಉಸಿರಾಡ್ತಿರೋ ಮನುಷ್ಯ," ಎಂದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ನನಗೆ ಹೆಚ್ಚು ಹೆದರಿಕೆ ತಂದಿತು. "ನೀವೇ ಹೇಳಿ. ಕೂಗಿಬಿಡಿ ಅಮ್ಮಾ. ನನ್ನ ಮಗಳ ಮದುವೆ ದಿನವೂ ತಡ ತಡ ಅಂತ ಹೇಳಿ ಕೊನೆಗೆ ಬಂತಲ್ಲ. ಅವತ್ತು ಬಂದದ್ದು ಇವತ್ಯಾಕೆ ಬರೋದಿಲ್ಲ?"

ಬಾಯಿ ತೆರೆದೆ. ನಿಜ ಹೇಳುತ್ತೇನೆ, ಕೂಗಬೇಕೆಂದೇ ತೆರೆದದ್ದು. ಇಮಾಮ್ ಸಾಬರು ನನ್ನ ಓರಗೆಯವರು, ಚಿಕ್ಕಂದಿನಲ್ಲಿ ಅವರ ಭಟ್ಟಿಯ ಬಿಸಿ ಮಂಡಕ್ಕಿ ತಿಂದು ಬೆಳೆದವಳು ನಾನು. ಆದರೆ ಕಿವಿಯೊಳಗೆ ಆ ಮದುವೆಯ ಡೋಲಿನ ಪೆಟ್ಟು ಮತ್ತೆ ಬಿತ್ತು, ಮತ್ತೆ ಎಳೆ ಜಾರಿತು.

"ಅವತ್ತೂ ಬಂದಿರಲಿಲ್ಲ," ಅಂದೆ.

"ಏನಂದ್ರಿ?"

"ನಿಮ್ಮ ಮಗಳ ಮದುವೆ ದಿನ ಸಾಲು ಬಂದಿರಲಿಲ್ಲ ಯಜಮಾನರೇ. ಒಂದೆಳೆ ಬಾಕಿಯಿತ್ತು. ನಾನು ಸುಳ್ಳು ಕೂಗಿದೆ."

ಪಕ್ಕದಲ್ಲಿದ್ದವರು ಹಿಂದಿನವರ ಕಿವಿಗೆ ಹೇಳಿದರು, ಅವರು ಅವರ ಹಿಂದಿನವರಿಗೆ. ನನ್ನ ಮಾತು ತಲೆಯಿಂದ ತಲೆಗೆ ಬಾಗುತ್ತ ಬೀದಿಯ ಕೊನೆಯವರೆಗೂ ಹೋಗುವುದನ್ನು ಕಣ್ಣಾರೆ ನೋಡಿದೆ. ತಿರುಗಿ ನೋಡಿದಾಗ ಮೌನೇಶ ಹೊಸ್ತಿಲ ಮೇಲೆ ನಿಂತಿದ್ದ. ಅವನ ಕೈಗಳು ಸುತ್ತಿಗೆ ಹಿಡಿದ ಹಾಗೆ ಮುಷ್ಟಿಯಾಗಿದ್ದವು. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆದಿದ್ದರೆ ಚೆನ್ನಾಗಿತ್ತು. ಅವನು ನನ್ನನ್ನು ದಾಟಿ ಹೋಗಿ ತೋಂಟಪ್ಪನವರ ಮುಂದೆ ನಿಂತ. ತೋಂಟಪ್ಪನವರು ತಲೆ ತಗ್ಗಿಸಿದರು. ಅವರಿಗೆ ಆವತ್ತೇ ಅನುಮಾನವಿತ್ತೋ ಇಲ್ಲವೋ ನಾನು ಹೇಳಲಾರೆ.

ಮೊದಲು ಮಾತಾಡಿದವಳು ಖಾಸಿಂಬಿ. ಬಾಯಿಂದ ಸೆರಗು ತೆಗೆದಳು.

"ನಿಮ್ಮ ನ್ಯಾಯ ಆಮೇಲೆ ಮಾಡ್ಕೊಳ್ಳಿ. ನನ್ನ ಗಂಡ ಅಲ್ಲಿ ಬಿದ್ದಿದ್ದಾನೆ. ಬಸ್ಸು ಕೂಗಬಾರದು ಅಷ್ಟೇ ತಾನೇ? ತಳ್ಳಿ."

ಯಾರಿಗೂ ಅರ್ಥವಾಗಲಿಲ್ಲ.

"ತಳ್ಳಿ ಅಂದೆ. ಸೇತುವೆವರೆಗೂ ತಳ್ಳಿ. ಇಷ್ಟು ಜನ ಗಂಡಸರಿದ್ದೀರಿ."

ಹಾಗೆ ಆಯಿತು. ಬಸ್ಸಿನ ಬಯಲಿನಿಂದ ಸೇತುವೆಗೆ ಮೂರು ಫರ್ಲಾಂಗು, ಅದರಲ್ಲಿ ಅರ್ಧ ಏರು. ಗಿರಣಿಯ ಗೋಣಿಚೀಲಗಳನ್ನೆಲ್ಲ ನೆನೆಸಿ ದಾರಿಗೆ ಹಾಸಿದರು, ಗಾಲಿ ಕಲ್ಲಿನ ಮೇಲೆ ಕಿರುಗುಟ್ಟಬಾರದೆಂದು. ಇಮಾಮ್ ಸಾಬರನ್ನು ಬಾಗಿಲ ಹಲಗೆಯ ಮೇಲೆ ಮಲಗಿಸಿ ಒಳಗೆ ಇಟ್ಟರು. ಮೌನೇಶನ ಮನೆ ಜಗಲಿಯಿಂದ ಬೀದಿಯ ತಿರುವು ಕಾಣುತ್ತದೆ. ಬಸ್ಸು ಆ ತಿರುವಿನಲ್ಲಿ ಬಂದದ್ದು ನೋಡಿದೆ. ಎರಡೂ ಬದಿಗೆ ಹಿಂದೆ ಮುಂದೆ ನಲವತ್ತು ಐವತ್ತು ಜನ ಅಂಟಿಕೊಂಡಿದ್ದರು. ಹಿಂದಿನ ಚೀಲಗಳನ್ನು ಹೆಂಗಸರು ಎತ್ತಿ, ಓಡದೆ ಬೇಗ ಬೇಗ ನಡೆದು, ಮುಂದಕ್ಕೆ ಹಾಸುತ್ತಿದ್ದರು. ಕತ್ತಿನ ನರಗಳೆಲ್ಲ ಉಬ್ಬಿದ್ದವು, ಆದರೆ ಒಬ್ಬರ ಬಾಯಿಂದಲೂ ಐಸಾ ಎನ್ನುವ ಸದ್ದು ಬರಲಿಲ್ಲ. ತೋಂಟಪ್ಪನವರು ಕೊನೆಯಲ್ಲಿ ಭುಜ ಕೊಟ್ಟಿದ್ದರು. ಏರಿನಲ್ಲಿ ಬಸ್ಸು ಒಮ್ಮೆ ನಿಂತು ಎರಡು ಗೇಣು ಹಿಂದಕ್ಕೆ ಬಂತು. ಯಾರದೋ ಕಾಲು ಗಾಲಿಗೆ ಸಿಕ್ಕಿತು. ಆ ಹುಡುಗ ತನ್ನ ಕೈಯನ್ನೇ ಕಚ್ಚಿಕೊಂಡು ಕೂತುಬಿಟ್ಟ, ಕೂಗಲಿಲ್ಲ.

ಇದನ್ನೆಲ್ಲ ಪೂರ್ತಿ ನೋಡುತ್ತ ನಿಲ್ಲಲು ನನಗೆ ಹೊತ್ತಿರಲಿಲ್ಲ. ಒಳಗೆ ಹೋಗಬೇಕಿತ್ತು. ಕಿಟಕಿ ತೆರೆದೇ ಇತ್ತು, ಬೀದಿಯ ಪಿಸುಮಾತೂ ಒಳಗೆ ಕೇಳಿಸುತ್ತದೆ.

ರೇವಕ್ಕ ಅಂಗಾತವೇ ಮಲಗಿದ್ದಳು, ಅಲುಗಿರಲಿಲ್ಲ. ಕಣ್ಣು ಸೂರಿನ ತೊಲೆಯ ಮೇಲೆ. ಎರಡೂ ಕಣ್ಣಂಚಿನಿಂದ ನೀರು ಇಳಿದು ಕಿವಿಯೊಳಗೆ ಹೋಗುತ್ತಿತ್ತು. ನಾನು ಚಾಪೆಯ ಪಕ್ಕ ಕೂತೆ. ಕೊಳವೆ ಮುಟ್ಟುವ ಧೈರ್ಯ ಬರಲಿಲ್ಲ.

"ಎಷ್ಟು ಬಾಕಿ ಇತ್ತು ಅವತ್ತು?" ಎಂದಳು.

"ಒಂದು."

"ಒಂದೇ?"

"ಒಂದೇ ರೇವಾ."

ಎದೆ ಏರಿಳಿಯಬಾರದೆಂದು ಉಸಿರನ್ನು ಸಣ್ಣ ಸಣ್ಣದಾಗಿ ಕತ್ತರಿಸಿ ಬಿಡುತ್ತಿದ್ದಳು. ನಾನು ಕಾಲು ಹಿಡಿಯಲು ಬಗ್ಗಿದೆ. "ಮುಟ್ಟಬೇಡ," ಅಂದಳು. ನನ್ನನ್ನು ಅವಳು ಏಕವಚನದಲ್ಲಿ ಮಾತಾಡಿಸಿದ್ದು ಅದೇ ಮೊದಲು. ಹೊರಗೆ ಬಿಸಿಲು ಕೆಂಪಾಗುತ್ತಿತ್ತು. ಊರಲ್ಲಿ ಬೇರೆ ಕಿವಿಯಿರಲಿಲ್ಲ, ಅದು ಅವಳಿಗೂ ಗೊತ್ತು.

"ಕಿವಿ ಇಡು," ಅಂದಳು ಕೊನೆಗೆ. "ಬೇರೆ ಎಲ್ಲೂ ಮುಟ್ಟಬೇಡ. ಕಿವಿ ಮಾತ್ರ ಇಡು."

ಕೊಳವೆಯಿಟ್ಟೆ. ನನ್ನ ರಕ್ತದ ಸದ್ದೇ ಕಿವಿ ತುಂಬ. ಅದು ಇಳಿಯುವವರೆಗೆ ಕಾದೆ. ಆಮೇಲೆ ಮೂಲೆಯಲ್ಲಿ ಎಳೆಯ ಅಲುಗಾಟ ಕೇಳಿಸಿತು. ಅದರ ಕೆಳಗೆ ಯಾರೋ ಕೈಕೊಟ್ಟು ಎತ್ತುತ್ತಿದ್ದರು.

ಒಂದು ಹೆಜ್ಜೆ. ನಿಂತಿತು. ಇನ್ನೊಂದು.

ಅತ್ತೆ ಹೇಳಿದ ಆಳು ಬಂದಿದ್ದ. ತಂಗಿಗೆ ತನ್ನದೆನ್ನುವ ಹಗ್ಗವಿನ್ನೂ ಇರಲಿಲ್ಲ, ಹಾಗಾಗಿ ಅವನು ಪಕ್ಕದ ಜೋಡಿಗಳ ಹಗ್ಗ ಹತ್ತಿದ್ದ. ಆಗಲೇ ಸಾಲಿಗೆ ಬಂದು ಬಿಗಿಯಾಗಿ ನಿಂತಿದ್ದ ಜೋಡಿಗಳ ಹಗ್ಗ ಅದು. ಅದರ ಮೇಲೆ ಹೊರೆ ಹೊತ್ತು, ಒಂದು ಕಾಲು ಊರಿ ಇನ್ನೊಂದನ್ನು ಎತ್ತಿಡುತ್ತ ನಡುವಿನ ಕಡೆ ನಡೆಯುತ್ತಿದ್ದ. ಹಿಂದಿನಿಂದ ಮೂಲೆಯ ಆಳುಗಳು ಎಳೆಯುತ್ತಲೇ ಇದ್ದರು. ಅರ್ಧ ದಾರಿಯಲ್ಲಿ ಹೆಜ್ಜೆ ನಿಂತುಹೋಯಿತು. ಹಿಂದಕ್ಕೆ ಜಾರಿತು. ನಾನು ಕಣ್ಣು ಮುಚ್ಚಿದೆ. ಆ ಕಣ ಎಳೆದು ಹಿಡಿದ ಬಿಲ್ಲಿನ ಹಾಗೆ ನಡುಗುತ್ತಿತ್ತು, ಇನ್ನು ಹೆಚ್ಚು ಹೊತ್ತು ತಡೆಯಲಾರದು ಎಂದು ಆ ನಡುಕವೇ ಹೇಳುತ್ತಿತ್ತು. ಕಿಟಕಿಯ ಬಿಸಿಲು ಗೋಡೆ ಏರಿ ತೊಲೆಗೆ ತಾಕಿತ್ತು. ದೇವರ ಹೆಸರು ಬಾಯಿಗೆ ಬರಲಿಲ್ಲ. ಬಾ, ಬಾ, ಬಾ ಎಂದಷ್ಟೇ ಅಂದುಕೊಂಡೆ.

ಮತ್ತೆ ಒಂದು ಹೆಜ್ಜೆ. ಒಂದರ ಮೇಲೊಂದು. ಎಷ್ಟು ಹೊತ್ತೋ ತಿಳಿಯದು. ಎದುರು ಮೂಲೆಯ ಹಗ್ಗವೊಂದು ತಡಕಾಡುತ್ತ ಬಂದು ತಂಗಿಯ ಮಗ್ಗುಲಿಗೆ ತಾಕಿ ಜಾರಿತು, ಮತ್ತೆ ತಾಕಿತು, ಹಿಡಿಯಿತು. ಎರಡೂ ಕಡೆಯಿಂದ ಬಿಗಿ ಬಿತ್ತು. ಅಗುಳಿ ಬಿದ್ದ ಸದ್ದು.

ಆಮೇಲೆ ಒಳಗೆ ಏನೇನೂ ಇಲ್ಲ. ಒಂದು ಹೆಜ್ಜೆಯೂ ಇಲ್ಲ.

ಕೊಳವೆ ತೆಗೆದು, ಬೆವರು ಒರೆಸಿ, ಮತ್ತೆ ಇಟ್ಟೆ. ನನ್ನ ಕಿವಿಯನ್ನೇ ನಾನು ನಂಬಲಿಲ್ಲ. ಮೂರನೆಯ ಸಲ ಇಟ್ಟು ಕೇಳಿದ ಮೇಲೆ ಕೊನೆಯ ಬೀಜವನ್ನು ಬಲಕ್ಕೆ ಸರಿಸಿದೆ.

"ಬಂತು," ಅಂದೆ.

"ನನ್ನ ಮುಖ ನೋಡಿ ಹೇಳು."

ನೋಡಿದೆ. "ಬಂತು ರೇವಾ. ನಲವತ್ತಾರೂ."

ಅವಳು ನಂಬಿದಳೋ ಇಲ್ಲವೋ, ಗಂಡನನ್ನು ಕಣ್ಣಲ್ಲೇ ಕರೆದಳು. ಮೌನೇಶ ಬಸ್ಸು ತಳ್ಳಿ ಬಂದಿದ್ದ, ಅಂಗೈ ಸುಲಿದಿತ್ತು. ಅವನು ಮೊಣಕಾಲೂರಿ ಕೊಳವೆಗೆ ಕಿವಿಯಿಟ್ಟು ಉಸಿರು ಹಿಡಿದು ಕೇಳಿದ. ಬಹಳ ಹೊತ್ತು ಕೇಳಿದ.

"ನಂಗೇನೂ ಕೇಳಿಸ್ತಿಲ್ಲ," ಎಂದ. ಕಣ್ಣು ತುಂಬಿತು. "ಏನೂ ಇಲ್ಲ. ಅದು ಒಳ್ಳೇದಾ ಕೆಟ್ಟದ್ದಾ?"

"ಯಾರೂ ನಡೀತಿಲ್ಲಪ್ಪ. ಎಲ್ಲರೂ ಬಂದಿದ್ದಾರೆ, ಅದಕ್ಕೇ."

ಆ ಸಾಲಿನಿಂದ ಹುಟ್ಟಿದ ಹುಡುಗಿ ಈಗ ಎರಡನೇ ತರಗತಿ. ಇಮಾಮ್ ಸಾಬರೂ ಬದುಕಿದ್ದಾರೆ. ನಾಲ್ಕು ಹೆಜ್ಜೆ ನಡೆದರೆ ಏದುಸಿರು, ಇನ್ನರ್ಧ ಗಂಟೆ ಮೊದಲು ತಂದಿದ್ದರೆ ಹೀಗಾಗುತ್ತಿರಲಿಲ್ಲ ಎಂದರಂತೆ ಡಾಕ್ಟರು. ಖಾಸಿಂಬಿ ನನ್ನೊಡನೆ ಮಾತು ಬಿಟ್ಟಿದ್ದಾಳೆ. ಅವಳದು ತಪ್ಪೆಂದು ನಾನು ಹೇಳುವುದಿಲ್ಲ. ಆದರೆ ಇದ್ಯಾವುದೂ ಆ ಸಂಜೆ ನಮಗೆ ಗೊತ್ತಿರಲಿಲ್ಲ. ಆ ಸಂಜೆ ನಾನು ಎದ್ದು, ಹಿಡಿದುಹೋಗಿದ್ದ ಸೊಂಟ ಹಿಡಿದುಕೊಂಡು ಹೊಸ್ತಿಲಿಗೆ ಬಂದೆ.

ಜನ ಸೇತುವೆಯಿಂದ ತಿರುಗಿ ಬಂದು ಬೀದಿಯ ಎರಡೂ ಬದಿಯ ಜಗಲಿಗಳ ಮೇಲೆ ಕೂತಿದ್ದರು. ಮಾಡಿನ ಹಂಚಿನ ಮೇಲೆ ಬಿಸಿಲು ಇನ್ನೂ ಒಂದು ಗೇಣಿತ್ತು. ಎದೆ ತುಂಬ ಗಾಳಿ ಎಳೆದುಕೊಂಡು ಕೂಗಿದೆ.

"ಸಾಲು ಬಂತು!"

ಯಾರೂ ಏಳಲಿಲ್ಲ. ದಿನವಿಡೀ ಸದ್ದಿಲ್ಲದ ಬೀದಿಯಲ್ಲಿ ನನ್ನ ಕೂಗು ಗೋಡೆಯಿಂದ ಗೋಡೆಗೆ ಬಡಿದು ಸತ್ತಿತು. ಕೇಳಿಸಲಿಲ್ಲವೇನೋ ಎಂದು ಇನ್ನೊಮ್ಮೆ ಕೂಗಿದೆ. ಎದುರು ಜಗಲಿಯಲ್ಲಿ ಒಬ್ಬ ತಾಯಿ ತನ್ನ ಮಗುವಿನ ಬಾಯಿಯನ್ನು ಇನ್ನೂ ಬಿಗಿಯಾಗಿ ಮುಚ್ಚಿದಳು. ಕಂಚುಗಾರರು ಸುತ್ತಿಗೆಗಳನ್ನು ತೊಡೆಯ ಮೇಲಿಟ್ಟುಕೊಂಡು ಕೂತೇ ಇದ್ದರು. ತೋಂಟಪ್ಪನವರು ನನ್ನನ್ನು ನೋಡಿ ಇಲ್ಲವೆಂದು ಮೆಲ್ಲಗೆ ತಲೆಯಾಡಿಸಿದರು. ನನಗೆ ಆಗ ತಿಳಿಯಿತು. ಬೆಳಗಿನಿಂದ ಎಷ್ಟೋ ಬಗೆಯಲ್ಲಿ ಹೆದರಿದ್ದೆ, ಇದನ್ನು ಮಾತ್ರ ಎಣಿಸಿರಲಿಲ್ಲ. ಸುಳ್ಳು ಕೂಗಿದವಳು ಇನ್ನು ನಿಜ ಕೂಗಿದರೂ ಊರಿಗೆ ಅದು ಕೇಳಿಸುವುದಿಲ್ಲ. ಕತ್ತಲಾಗುವವರೆಗೂ ಹೀಗೇ ಕೂರುತ್ತಾರೆ, ನಾಳೆಯೂ ಕೂರುತ್ತಾರೆ, ಇವರನ್ನು ಎಬ್ಬಿಸಲು ನನ್ನಿಂದಾಗದು ಅನ್ನಿಸಿ ಬಾಗಿಲ ಚೌಕಟ್ಟು ಹಿಡಿದುಕೊಂಡೆ.

ಹಿಂದೆ ಬಳೆಯ ಸದ್ದಾಯಿತು. ಒಳಗೆ ಕಣ ಎರಡಾಗಿ ಮುಗಿದ ಮೇಲೆ ಹೆಂಗಸು ಏಳಬಹುದು, ಅಷ್ಟು ಹೊತ್ತು ಕಳೆದಿತ್ತು. ರೇವಕ್ಕ ಗೋಡೆ ಹಿಡಿದು ನಡೆದು ಬಂದಳು. ನನ್ನನ್ನು ನೋಡಲಿಲ್ಲ. ಮೊಣಕೈಯಿಂದ ನನ್ನನ್ನು ಪಕ್ಕಕ್ಕೆ ಸರಿಸಿ ಹೊಸ್ತಿಲ ಮೇಲೆ ನಿಂತಳು. ಕೂದಲು ಬಿಚ್ಚಿತ್ತು, ಚಾಪೆಯ ಗೆರೆಗಳು ತೋಳಿನ ಮೇಲೆ ಮೂಡಿದ್ದವು. ಬೀದಿಯ ಈ ತುದಿಯಿಂದ ಆ ತುದಿಯವರೆಗೆ ಒಮ್ಮೆ ಕಣ್ಣಾಡಿಸಿದಳು.

"ಸಾಲು ಬಂತು," ಎಂದಳು. ದಿನವೆಲ್ಲ ಬಿಗಿಹಿಡಿದ ಗಂಟಲು, ದನಿ ಒಡೆದು ಅರ್ಧಕ್ಕೇ ನಿಂತಿತು. ಮತ್ತೆ ಕೂಗಿದಳು, ಈ ಸಲ ಜೋರಾಗಿ. "ಬಂತು. ಏಳಿ."

ಆಮೇಲೆ ಬೀದಿಯ ಆ ಕೊನೆಯಲ್ಲಿ ಯಾರೋ ಒಬ್ಬ ಮುದುಕ ಕೆಮ್ಮಿದ. ಬೆಳಗಿನಿಂದ ಎದೆಯಲ್ಲಿ ತಡೆದಿಟ್ಟ ಕೆಮ್ಮು. ಅವನ ಪಕ್ಕದವನು ಕೆಮ್ಮಿದ. ಈ ಕಡೆ ಇನ್ನೊಬ್ಬಳು. ನೋಡನೋಡುತ್ತ ಇಡೀ ಬೀದಿ ಕೆಮ್ಮಲು ಶುರುಮಾಡಿತು.